ಲಿಂಗಕ್ಕೆ ತೋರಿಸಿದ ಔಷಧ

ನಮ್ಮ ಅತ್ತೆಗೆ ಮೊದಲು ಕೆಟ್ಟದ್ದು ಬೆರಳು. ಅಲ್ಲ, ಕಾಲು ಎಂದು ನಮ್ಮ ಮನೆಯವರು ಹೇಳುತ್ತಾರೆ. ನಾಲಿಗೆ ಎಂದು ಡಾಕ್ಟರು ಬರೆದುಕೊಂಡಿದ್ದರು. ನಾನು ಬೆರಳೇ ಅನ್ನುತ್ತೇನೆ, ಯಾಕೆಂದರೆ ಅದು ಕೈಕೊಟ್ಟ ಹೊತ್ತಿಗೆ ನಾನು ಎದುರಿಗೇ ಕೂತಿದ್ದೆ.

ನಮ್ಮದು ಖಣದ ವ್ಯಾಪಾರ. ಗುಳೇದಗುಡ್ಡದಿಂದ ಕುಪ್ಪಸದ ಬಟ್ಟೆ ತರಿಸಿ ಪುಣೆಯ ರವಿವಾರ ಪೇಟೆಯಲ್ಲಿ ಮಾರುವುದು. ಕೆಳಗೆ ಅಂಗಡಿ, ಮೇಲೆ ಮನೆ. ಮಾವ ತೀರಿಕೊಂಡ ಮೇಲೆ ಗಾದಿಯ ಮೇಲೆ ಕೂಡುವವರು ಮಗ, ಆದರೆ ಊರಿಂದ ಬಂದ ಗಂಟು ಬಿಚ್ಚುವುದು ಮಾತ್ರ ಅತ್ತೆಯ ಮುಂದೆ. ಅವರು ಕಣ್ಣು ಮುಚ್ಚಿ, ಅಂಚನ್ನು ಎರಡು ಬೆರಳ ನಡುವೆ ತಿಕ್ಕಿ, ಇದು ರೇಷ್ಮೆ, ಇದರಲ್ಲಿ ನೂಲು ಕೂಡಿಸ್ಯಾರ, ಇದನ್ನು ವಾಪಸು ಕಳಿಸು ಎಂದು ಹೇಳುವರು. ಆ ದಿನ ತಿಕ್ಕಿದರು. ಕೈಯನ್ನು ಸೀರೆಗೆ ಒರೆಸಿಕೊಂಡು ಮತ್ತೆ ತಿಕ್ಕಿದರು. ಆಮೇಲೆ ಬಟ್ಟೆಯನ್ನು ನನ್ನ ಕಡೆ ನೂಕಿ, "ನೀ ಹೇಳು, ಏನದ ಇದು?" ಅಂದರು. ನಾನು ಆ ಮನೆಗೆ ಸೊಸೆಯಾಗಿ ಬಂದ ಮೇಲೆ ಅವರು ನನ್ನನ್ನು ಒಂದು ಮಾತು ಕೇಳಿದ್ದು ಅದೇ ಮೊದಲು. ಹೊರಗೆ ಮಳೆ ಹೊಯ್ಯುತ್ತಿತ್ತು ಎಂದು ಇಲ್ಲಿ ಬರೆದಿದ್ದೆ, ಹೊಡೆದು ಹಾಕಿದೆ. ಮಳೆ ಇತ್ತೋ ಇಲ್ಲವೋ ಗೊತ್ತಿಲ್ಲ. ಗೊತ್ತಿಲ್ಲದ ಕಡೆಯೆಲ್ಲ ಮಳೆ ಸುರಿಸುವ ಚಾಳಿ ನನ್ನ ನೆನಪಿಗೆ ಇದೆ.

ಆಮೇಲಿನದು ಬೇಗ ಬೇಗ ಆಯಿತು, ಅಥವಾ ಬೇಗ ಆಯಿತೆಂದು ಈಗ ಅನ್ನಿಸುತ್ತದೆ. ಅಂಗಡಿಯಿಂದ ಮನೆಗೆ ಮೆಟ್ಟಿಲು ಹತ್ತುವಾಗ ಅರ್ಧಕ್ಕೇ ಕೂತುಬಿಡುತ್ತಿದ್ದರು. ಮುಖಕ್ಕೆ ಒಣಗಿದ ನಿಂಬೆ ಸಿಪ್ಪೆಯ ಬಣ್ಣ ಬಂತು. ನಾಲಿಗೆ ಸಾಣೆ ಹಿಡಿದ ಹಾಗೆ ನುಣ್ಣಗಾಗಿ, ಕೆಂಪು ಮೆಣಸಿನಕಾಯಿಯ ರಂಜಕ ಇಲ್ಲದೆ ರೊಟ್ಟಿ ಮುರಿಯದ ಹೆಂಗಸು ಹಾಲು ಅನ್ನ ಕಲಸಿಕೊಂಡು ಗೋಡೆ ನೋಡುತ್ತ ಉಣ್ಣತೊಡಗಿದರು. ವೈದ್ಯರ ಚೂರ್ಣ ಆಯಿತು, ಕಷಾಯ ಆಯಿತು, ಕಬ್ಬಿಣದ ಭಸ್ಮ ಆಯಿತು. ಯಾವುದೂ ತಾಗಲಿಲ್ಲ.

ಎರಡನೆಯ ಮಹಾಯುದ್ಧಕ್ಕೆ ಕೆಲವು ವರ್ಷ ಮೊದಲಿನ ಮಾತು. ನದಿಯ ಕಡೆ ಒಬ್ಬ ಮರಾಠಿ ಡಾಕ್ಟರು ಹೊಸದಾಗಿ ದವಾಖಾನೆ ತೆರೆದಿದ್ದರು. ಚಿಕ್ಕ ವಯಸ್ಸು, ಮಾತಾಡುವಾಗ ಒಂದು ಕಡೆ ನಿಲ್ಲುತ್ತಿರಲಿಲ್ಲ. ಅವರ ಹತ್ತಿರ ಒಂದು ದುರ್ಬೀನು ಇತ್ತು, ದೂರದ್ದನ್ನಲ್ಲ, ಸಣ್ಣದನ್ನು ತೋರಿಸುವಂಥದ್ದು. ಅತ್ತೆಯ ಬೆರಳು ಚುಚ್ಚಿ, ರಕ್ತವನ್ನು ಗಾಜಿನ ತುಂಡಿಗೆ ಸವರಿ, ಬಣ್ಣ ಹಾಕಿ, ಅದರ ಮೇಲೆ ಬಗ್ಗಿದವರು ಥಟ್ಟನೆ ತಲೆಯೆತ್ತಿ ನನ್ನನ್ನು ಕರೆದರು. ಗಂಡನನ್ನು ಕರೆಯದೆ ನನ್ನನ್ನು ಯಾಕೆ ಕರೆದರೋ. ಹತ್ತಿರ ನಿಂತಿದ್ದೆ, ಅಷ್ಟೆ. ನೋಡಿದೆ. ಗುಲಾಬಿ ಬಣ್ಣದ ಬಿಲ್ಲೆಗಳು, ಅಲ್ಲೊಂದು ಇಲ್ಲೊಂದು. ಇರಬೇಕಾದಷ್ಟು ಇಲ್ಲ, ಇರುವುದು ಒಂದೊಂದೂ ಇರಬೇಕಾದ್ದಕ್ಕಿಂತ ದೊಡ್ಡದು ಎಂದು ಅವರು ನನ್ನ ಕಿವಿಯ ಹತ್ತಿರ ಹೇಳುತ್ತಿದ್ದರು. ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಹೆದರಿಕೆಯಿಂದ ಎಂದು ಬರೆದರೆ ಸಭ್ಯವಾಗಿರುತ್ತದೆ. ಹುರುಪಿನಿಂದ. ನಮ್ಮ ಅತ್ತೆಯ ಒಳಗನ್ನು ನಾನು ನೋಡಿದ್ದೆ, ಅವರೇ ನೋಡಿರಲಿಲ್ಲ.

ಅತ್ತೆಯನ್ನು ಹೊರಗೆ ಮರದ ಬಾಕಿನ ಮೇಲೆ ಕೂಡಿಸಿ ಡಾಕ್ಟರು ನಮಗಿಬ್ಬರಿಗೆ ವಿಷಯ ಹೇಳಿದರು. ಈ ರೋಗಕ್ಕೆ ಹೆಸರಿದೆ, ಮೊನ್ನೆ ಮೊನ್ನೆಯವರೆಗೆ ಔಷಧ ಇರಲಿಲ್ಲ, ಬಂದವರೆಲ್ಲ ಹೋಗುತ್ತಿದ್ದರು. ಈಗ ಔಷಧ ಬಂದಿದೆ. ಮದುವೆ ಗೊತ್ತಾದ ಸುದ್ದಿ ಹೇಳುವವರ ದನಿಯಲ್ಲಿ ಅವರು ಅದನ್ನು ಹೇಳಿದರು. ವಾರಕ್ಕೊಂದು ಸೂಜಿ, ಬದುಕಿರುವ ತನಕ. ಬಿಟ್ಟರೆ ಮತ್ತೆ ಹೀಗೇ. ಔಷಧ ಏನೆಂದರೆ ಆಡಿನ ಕಾಳಜದ ಸಾರ, ಅಂದರೆ ಯಕೃತ್ತಿನದು. ಸೂಜಿ ಒಲ್ಲೆ ಅಂದರೆ ದಿನಾ ಆಡಿನ ಹಸಿ ಕಾಳಜವನ್ನೇ ಅರೆದು ಕುಡಿಯಬೇಕು. ಮೂರನೆಯ ದಾರಿ ಇಲ್ಲ.

ನಾವು ಲಿಂಗವಂತರು. ನಮ್ಮ ಮನೆಯಲ್ಲಿ ಮೊಟ್ಟೆ ಎಂಬ ಮಾತನ್ನೂ ದನಿ ತಗ್ಗಿಸಿ ಆಡುವುದು.

ನಮ್ಮ ಮುಖ ನೋಡಿಯೇ ಡಾಕ್ಟರು ಬಾಗಿಲು ಮುಂದೆ ಮಾಡಿದರು. ಅವರಿಗೆ ಹೇಳಬೇಡಿ, ಅಂದರು. ಶಕ್ತಿಯ ಔಷಧ ಅನ್ನಿ. ಹಿಂದೆ ಒಬ್ಬ ಮುದುಕ ಮಾಸ್ತರರಿಗೆ ಇದೇ ರೋಗ ಬಂದಿತ್ತು, ಅವರಿಗೆ ತಾನು ಎಲ್ಲ ಬಿಡಿಸಿ ಹೇಳಿದೆ, ಅವರು ಕೈಮುಗಿದು ಎದ್ದು ಹೋದರು, ಹೋದವರು ಹೋದರು. ಹೇಳಿದ್ದರಿಂದ ಸತ್ತರು ಅನ್ನುವುದು ತನಗೆ ಖಾತ್ರಿ. ಆಮೇಲೆ ಯಾರಿಗೂ ಹೇಳಿಲ್ಲ, ಎಲ್ಲರೂ ಓಡಾಡಿಕೊಂಡಿದ್ದಾರೆ.

ನಮ್ಮ ಮನೆಯವರು ಆಗಿಂದಾಗ ಒಪ್ಪಿದರು. ಅವರ ಮೇಲೆ ತಪ್ಪು ಹೊರಿಸಲು ಇದನ್ನು ಬರೆಯುತ್ತಿಲ್ಲ. ತಾಯಿ ಮೆಟ್ಟಿಲ ಮೇಲೆ ಕೂತು ಏದುಸಿರು ಬಿಡುವುದನ್ನು ದಿನಾ ಕೆಳಗಿನಿಂದ ನೋಡುತ್ತಿದ್ದವರು ಅವರು.

ನನಗೆ ತೊಡಕಾದದ್ದು ಬೇರೆ. ಅತ್ತೆ ಕೊರಳಲ್ಲಿ ಬೆಳ್ಳಿಯ ಗುಂಡಗಡಗಿ ಕಟ್ಟಿಕೊಂಡಿದ್ದರು, ಅದರೊಳಗೆ ಲಿಂಗ. ಎಲ್ಲರ ಕೊರಳಲ್ಲೂ ಇರುತ್ತದೆ. ಆದರೆ ನಾವೆಲ್ಲ ಬೆಳಗಿನ ಪೂಜೆಗೆ ಬಿಚ್ಚಿ ಕಟ್ಟಿದರೆ ಮುಗಿಯಿತು. ಅವರು ಮಾತ್ರ ಏನು ತೆಗೆದುಕೊಳ್ಳುವುದಿದ್ದರೂ ಲಿಂಗವನ್ನು ಎಡಗೈಯಲ್ಲಿ ಹಿಡಿದು, ಅದಕ್ಕೆ ತೋರಿಸಿ, ಆಮೇಲೆ ತಾವು ತೆಗೆದುಕೊಳ್ಳುವರು. ನೀರಾಗಲಿ, ಅಡಿಕೆಯಾಗಲಿ. ಒಂದು ಸಲ ಚಳಿಜ್ವರ ಬಂದಾಗ ಕ್ವಿನೈನನ್ನು ಹಾಗೇ ತೋರಿಸಿ, "ನೀನೂ ಒಂದೀಟು ತಾಳಿಕೋ, ಭಾಳ ಕಹಿ ಅದ" ಎಂದು ಲಿಂಗಕ್ಕೆ ಹೇಳಿ ನುಂಗಿದ್ದರು. ಈಗ ಅವರ ಕೈಯಿಂದಲೇ ಆಡಿನ ಕಾಳಜವನ್ನು ಲಿಂಗಕ್ಕೆ ಕೊಡಿಸುವುದೆಂದರೆ?

ಅಂಗಡಿಯಲ್ಲಿ ಗಂಟುಗಳ ಹಿಂದೆ ನಿಂತು ಇದನ್ನೇ ಗಂಡನಿಗೆ ಕೇಳಿದೆ. ಅವರು ಅದನ್ನು ಆಗಲೇ ಯೋಚಿಸಿ ಮುಗಿಸಿದ್ದರು. ಅದಕ್ಕೇ ಅಲ್ಲವೇ ಸೂಜಿ? ಬಾಯಿಗೆ ಹೋಗುವುದನ್ನು ಅವ್ವ ತೋರಿಸುತ್ತಾಳೆ, ಸೂಜಿ ಬಾಯಿಗೆ ಹೋಗುವುದಿಲ್ಲ. ಲಿಂಗಕ್ಕೆ ಇದರ ಸಂಬಂಧವೇ ಇಲ್ಲ. ಸುಳ್ಳು ಹೇಳಿದ ಪಾಪ ನಮ್ಮಿಬ್ಬರಿಗೆ ಇರಲಿ, ಅವಳು ಬದುಕಲಿ. ಎಷ್ಟು ಸರಿಯಾಗಿತ್ತೆಂದರೆ ನನಗೆ ನಗು ಬಂತು, ಹಗುರಾಯಿತು. ಒಪ್ಪಿದೆನೋ? ಹೂಂ ಅಂದದ್ದು ನೆನಪಿಲ್ಲ, ಊಹೂಂ ಅಂದದ್ದೂ ನೆನಪಿಲ್ಲ. ಟಾಂಗಾ ಹತ್ತಿದ್ದು ನೆನಪಿದೆ.

ದವಾಖಾನೆಯಲ್ಲಿ ಸ್ಟೋವಿನ ಮೇಲೆ ಸೂಜಿಮದ್ದಿನ ಪಿಚಕಾರಿ ಕುದಿಯುತ್ತಿತ್ತು. ಡಾಕ್ಟರು ಕಂದು ಬಣ್ಣದ ಸಣ್ಣ ಗಾಜಿನ ಕುಪ್ಪಿಯೊಂದನ್ನು ಬೆಳಕಿಗೆ ಹಿಡಿದು, ಮಾವಶಿ, ಶಕ್ತಿಯ ಔಷಧ, ಒಂದು ವಾರದಲ್ಲಿ ನೀವು ಪರ್ವತಿ ಗುಡ್ಡ ಹತ್ತುತ್ತೀರಿ ಅಂದರು. ಅತ್ತೆ ಕತ್ತಿಗೆ ಕೈ ಹಾಕಿ ಗುಂಡಗಡಗಿ ಬಿಚ್ಚಿದರು. ಲಿಂಗವನ್ನು ಎಡಗೈಯಲ್ಲಿ ಇಟ್ಟುಕೊಂಡರು. ಬಲಗೈಯನ್ನು ಕುಪ್ಪಿಗಾಗಿ ಮುಂದೆ ಚಾಚಿದರು.

ಡಾಕ್ಟರಿಗೆ ತಿಳಿಯಲಿಲ್ಲ. ನಮ್ಮ ಮನೆಯವರಿಗೆ ತಿಳಿಯಿತು. ಯವ್ವಾ, ಇದು ಬಾಯಾಗ ಹಾಕೋದಲ್ಲ ಎಂದು ಅವರು ಹೇಳಿದರೆ, ಅತ್ತೆ ಕಿವುಡರಿಗೆ ಹೇಳುವ ಹಾಗೆ ನಿಧಾನವಾಗಿ, ಮೈಯಾಗ ಹೋಗತದೋ ಇಲ್ಲೋ ಎಂದು ಕೇಳಿದರು. ಹೋಗತದ. ಮತ್ತ? ಯಾವ ಬಾಗಿಲಿನಿಂದ ಹೋದರೇನು.

ನಾವು ಎಡವಿದ್ದು ಇಲ್ಲೇ. ಬಾಯಿ ಅನ್ನುವುದು ನಮ್ಮ ಲೆಕ್ಕ, ಅವರದಲ್ಲ. ಗಂಡ ಹಿಂದಿನಿಂದ ಡಾಕ್ಟರಿಗೆ ಮರಾಠಿಯಲ್ಲಿ, ಕೊಡಿ, ಕೊಟ್ಟುಬಿಡಿ ಅನ್ನುತ್ತಿದ್ದರು. ಡಾಕ್ಟರು ಕೊಡಲು ಕೈ ಮುಂದೆ ಮಾಡಿದರು. ಎರಡು ಕೈಗಳ ನಡುವೆ ಒಂದು ಗೇಣು ಜಾಗ ಇತ್ತು. ಆ ಗೇಣಿನ ಮೇಲೆ ನಾನು ಎಷ್ಟು ಸಲ ಬರೆದೆನೋ, ಪ್ರತಿ ಸಲವೂ ಅದರಲ್ಲಿ ನಾನೊಂದು ದೊಡ್ಡ ವಿಚಾರ ಮಾಡಿದ ಹಾಗೆ ಆಗುತ್ತದೆ. ವಿಚಾರ ಗಿಚಾರ ಇರಲಿಲ್ಲ. ಬಾಯಿ ತೆರೆಯಿತು.

"ಅತ್ತಿಯವರ, ಅದರಾಗ ಆಡಿನ ಕಾಳಜ ಅದರಿ."

ಸ್ಟೋವಿನ ಭುಸುಗುಡುವ ಸದ್ದು. ಅತ್ತೆ ಬಲಗೈಯನ್ನು ಹಿಂದೆ ತೆಗೆದುಕೊಳ್ಳಲಿಲ್ಲ, ಮುಚ್ಚಿದರು ಅಷ್ಟೆ. ಲಿಂಗವನ್ನು ಕಟ್ಟಿಕೊಂಡು, ತಮ್ಮ ಮುರುಕು ಮರಾಠಿಯಲ್ಲಿ ಡಾಕ್ಟರನ್ನು ಕೇಳತೊಡಗಿದರು. ಇದು ಹೌದೋ? ಹೌದು. ಬೇರೆ ಏನಾದರೂ ಇದೆಯೋ? ಇಲ್ಲ. ತಗೊಳ್ಳದಿದ್ದರೆ? ಡಾಕ್ಟರು ನನ್ನನ್ನು ಸುಡುವ ಹಾಗೆ ನೋಡಿ, ದೀಪಾವಳಿ ನೋಡುವುದು ಕಷ್ಟ ಅಂದರು. ಅತ್ತೆ ತಲೆಯಾಡಿಸಿ ಎದ್ದರು.

ಟಾಂಗಾದಲ್ಲಿ ಗಂಡ ನನ್ನ ಕಡೆ ತಿರುಗದೆ ಹೇಳಿದ್ದು ಒಂದೇ ಮಾತು: "ನಮ್ಮವ್ವನ್ನ ನೀ ಕೊಂದಿ." ಅತ್ತೆ ರಸ್ತೆ ನೋಡುತ್ತಲೇ, "ಯಾಕ ಬೈತಿ? ಇಷ್ಟು ವರ್ಷದ ಮ್ಯಾಲೆ ಇಕಿಗೂ ಬಾಯಿ ಅದ ಅಂತ ಇವತ್ತ ಗೊತ್ತಾತು" ಅಂದರು. ಅದು ಹೊಗಳಿಕೆಯೋ ಚುಚ್ಚು ಮಾತೋ ತಿಳಿಯದೆ ನಾನು ಕುದುರೆಯ ಬಾಲ ನೋಡುತ್ತ ಕೂತೆ.

ಮುಂದಿನ ದಿನಗಳು ಎಷ್ಟು ಎಂದು ನಾನು ಎಣಿಸಲಿಲ್ಲ. ಅತ್ತೆ ಹೂಂ ಅನ್ನಲಿಲ್ಲ, ಒಲ್ಲೆ ಅನ್ನಲಿಲ್ಲ. ಪೂಜೆಗೆ ಕೂತರೆ ಏಳುತ್ತಿರಲಿಲ್ಲ. ಮನೆಯಲ್ಲಿ ಯಾರೂ ಜೋರಾಗಿ ಪಾತ್ರೆ ಇಡುತ್ತಿರಲಿಲ್ಲ. ನನಗೋ ಕೈಕಾಲು ನಿಲ್ಲುತ್ತಿರಲಿಲ್ಲ. ಮೆಟ್ಟಿಲು ಹತ್ತುತ್ತಿದ್ದೆ, ಇಳಿಯುತ್ತಿದ್ದೆ, ಸುಮ್ಮನೆ ಗಂಟು ಬಿಚ್ಚಿ ಕಟ್ಟುತ್ತಿದ್ದೆ. ಔಷಧ ಇದೆ! ಡಾಕ್ಟರ ಮೇಜಿನ ಮೇಲೆ ಇದೆ, ಟಾಂಗಾದಲ್ಲಿ ಹೋದರೆ ಒಂದು ಎಲೆ ಅಡಿಕೆ ಮೆಲ್ಲುವಷ್ಟು ಹೊತ್ತು. ಮೊದಲಿನ ಕಾಲದಲ್ಲಾದರೆ ಔಷಧವಿಲ್ಲ ಎಂದು ಅಳಬಹುದಿತ್ತು. ನಾವು ಅಳುವಂತೆಯೂ ಇರಲಿಲ್ಲ.

ನಮ್ಮ ಮನೆಯವರು ಒಂದು ಉಪಾಯ ತಂದರು. ನಮ್ಮ ಮನೆತನದ ಗುರುಗಳಾದ ಊರಿನ ಅಯ್ಯನವರು ತಿಂಗಳಿಗೊಮ್ಮೆ ಪುಣೆಗೆ ಬಂದಾಗ ನಮ್ಮಲ್ಲಿ ಊಟಕ್ಕೆ ಬರುವ ವಾಡಿಕೆ. ಅವರಿಂದಲೇ ಒಂದು ಅಪ್ಪಣೆ ಕೊಡಿಸಿದರೆ ಅವ್ವ ಮೀರಲಾರಳು. ಮೊದಲೇ ಹೋಗಿ ಕಾಲು ಹಿಡಿಯುತ್ತೇನೆ ಎಂದರು. ಇದನ್ನು ಅತ್ತೆಯ ಮುಂದೆಯೇ ಹೇಳಿದರು. ಅತ್ತೆ ಅಕ್ಕಿ ಆರಿಸುತ್ತಿದ್ದರು, ಬೆರಳಿಗೆ ಕಲ್ಲು ತಿಳಿಯದೆ ಎಲ್ಲವನ್ನೂ ಕಣ್ಣ ಹತ್ತಿರ ತಂದುಕೊಳ್ಳುತ್ತ. ಮೊರ ಕೆಳಗಿಟ್ಟು ಹೇಳಿದ ಮಾತು ಹೆಚ್ಚು ಕಡಿಮೆ ಹೀಗೆ:

"ಅಯ್ಯಗ ಕೇಳಬ್ಯಾಡ. ಕೇಳಿದರ ಅವರು ಬ್ಯಾಡ ಅನಬೇಕಾಗತದ, ಅದು ಅವರ ಪದ್ಧತಿ. ಆಮ್ಯಾಲೆ ನಾ ಸತ್ತರ ಆ ಮುದುಕನ ತಲಿಗೆ ಬರತದ. ಹೂಂ ಅಂದರ ಮಂದಿ ಅವರನ್ನ ಬಿಡತಾರೇನು? ನನ್ನ ಜೀವ ತಗೊಂಡು ಹೋಗಿ ಅವರ ಮ್ಯಾಲ ಯಾಕ ಹಾಕಲಿ?"

ಆಮೇಲೆ ಗಂಡನನ್ನು ಅಂಗಡಿಗೆ ಅಟ್ಟಿ ನನ್ನನ್ನು ಹತ್ತಿರ ಕರೆದರು. ಯಾಕೆ ಹೇಳಿದೆ ಎಂದು ಕೇಳಿದರು. ನೀವು ಕೈ ಚಾಚಿದ್ದಿರಲ್ಲರಿ ಅಂದೆ. ಅವರು ನನ್ನ ಮುಖವನ್ನು ಬಟ್ಟೆಯ ಅಂಚನ್ನು ನೋಡುವ ಹಾಗೆ ನೋಡಿದರು.

"ನನಗೇನು ಸಾಯೋ ಅವಸರ ಇಲ್ಲ," ಅಂದರು. "ಕ್ವಿನೈನು ತೋರಿಸೀನಿ, ಇದನ್ನೂ ತೋರಸ್ತೀನಿ. ಏನಂತ ಹೇಳೇ ತೋರಸ್ತೀನಿ. ಸಿಟ್ಟಾದರ ಅದು ನನಗೂ ಲಿಂಗಕ್ಕೂ ಇರೋ ಜಗಳ, ನಿಮಗ್ಯಾರಿಗೂ ಸಂಬಂಧ ಇಲ್ಲ. ಆದರ ಆ ಡಾಕ್ಟರ ಕೈಯಾಗ ಸೂಜಿ ಮಾಡಿಸ್ಕೊಳ್ಳಾಂಗಿಲ್ಲ."

ಯಾಕೆಂದರೆ ಡಾಕ್ಟರು ಸುಳ್ಳು ಹೇಳಿದ್ದರು. ಎರಡನೆಯದು, ಆ ಸೂಜಿ ಕುಂಡೆಗೆ ಹಾಕುವುದು ಎಂದು ಅತ್ತೆ ಹೇಗೋ ತಿಳಿದುಕೊಂಡಿದ್ದರು. ಮತ್ತೆ ಯಾರು ಹಾಕಬೇಕು? ಬಾಯಿ ಇದ್ದವಳೇ ಹಾಕಲಿ.

ಅವತ್ತು ನಾನು ದವಾಖಾನೆಗೆ ನಡೆದು ಹೋದದ್ದು ಓಡಿದ ಹಾಗೆಯೇ. ಡಾಕ್ಟರು ಮೊದಲು ಆಗದು ಅಂದರು. ಆಮೇಲೆ ಅತ್ತೆ ಒಪ್ಪಿದ್ದಾರೆ, ಗೊತ್ತಿದ್ದೇ ಒಪ್ಪಿದ್ದಾರೆ ಎಂದು ನಾನು ಮತ್ತೆ ಮತ್ತೆ ಹೇಳಿದ ಮೇಲೆ ಅವರು ಕುರ್ಚಿಯ ಮೇಲೆ ಕೂತರು. ಅವರು ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಆ ಮಾಸ್ತರರಿಗೆ ಹೇಳುವಾಗ ತಾನು ಬಹಳ ಅವಸರದಲ್ಲಿದ್ದೆ ಅಂದರು. ಅಷ್ಟೇ ಹೇಳಿ ಎದ್ದು, ಬಾಗಿಲಲ್ಲಿ ಬುಟ್ಟಿ ಇಳಿಸಿದ್ದ ಹಣ್ಣಿನವಳಿಂದ ಮೋಸಂಬಿ ತೆಗೆದುಕೊಂಡು ನನ್ನ ಕೈಗಿಟ್ಟರು.

ಮೋಸಂಬಿಯ ಮೇಲೆ ಕಲಿತೆ. ಸಿಪ್ಪೆಗೆ ಸೂಜಿ ಇಳಿಯುವ ಹದ ಚರ್ಮದ ಹದಕ್ಕೆ ಹತ್ತಿರವಂತೆ. ಅವರ ಮೇಜಿನ ಮೇಲೆ ನೀರು ತುಂಬಿದ ಮೋಸಂಬಿಗಳ ಸಾಲು. ಕೈ ನಡುಗಿದರೆ ನಿಲ್ಲಿಸು, ಹೆದರಿ ಮೆಲ್ಲಗೆ ಚುಚ್ಚಿದರೆ ಹೆಚ್ಚು ನೋವು, ಒಂದೇ ಸಲಕ್ಕೆ ಹೋಗಬೇಕು. ಪಿಚಕಾರಿಯಲ್ಲಿ ಗಾಳಿ ಉಳಿಯಬಾರದು. ಎಳೆದು ನೋಡು, ರಕ್ತ ಬಂದರೆ ಜಾಗ ಬದಲಿಸು. ಮನೆಗೆ ಬಂದರೂ ಬೆರಳು ಆಡುತ್ತಿದ್ದವು. ರೊಟ್ಟಿ ಬಡಿಯುವಾಗ ಹಿಟ್ಟಿನ ಮುದ್ದೆಗೆ ಚುಚ್ಚುವ ಆಸೆಯಾಗುತ್ತಿತ್ತು. ಗಂಡ ನನ್ನೊಂದಿಗೆ ಮಾತು ಬಿಟ್ಟಿದ್ದವರು, ಒಂದು ಮಧ್ಯಾಹ್ನ ಬಂದು, ಬೇಕಾದರೆ ನನ್ನ ತೋಳಿಗೆ ಚುಚ್ಚಿ ನೋಡು ಅಂದರು. ಬರೀ ಸೂಜಿ ಚುಚ್ಚಿದೆ. ಅವರು ಹಲ್ಲು ಕಚ್ಚಿಕೊಂಡು, ಪರವಾಗಿಲ್ಲ, ಅವ್ವ ತಡೀತಾಳ ಅಂದರು. ನಮ್ಮ ಮಾತು ಹಾಗೆ ಮತ್ತೆ ಶುರುವಾಯಿತು.

ಮೊದಲನೆಯ ಸೂಜಿಯ ದಿನ ಸೋಮವಾರ. ಅತ್ತೆ ಸ್ನಾನ ಮಾಡಿ ವಿಭೂತಿ ಹಚ್ಚಿಕೊಂಡು, ಮಣೆಯ ಮೇಲೆ ಕೂತು, ಲಿಂಗವನ್ನು ಎಡಗೈಯಲ್ಲಿ ಇಟ್ಟುಕೊಂಡರು. ನಾನು ಕುಪ್ಪಿಯನ್ನು ಬಲಗೈಗೆ ಕೊಟ್ಟೆ. ಅವರು ಲಿಂಗದೊಂದಿಗೆ ಮಾತಾಡಿದರು, ಪಕ್ಕದ ಮನೆಯವರೊಂದಿಗೆ ಮಾತಾಡುವ ದನಿಯಲ್ಲಿ. ಇದು ಆಡಿನದು. ಆಡು ನನ್ನ ಸಲುವಾಗಿ ಸತ್ತಿತೋ ಏನೋ ಗೊತ್ತಿಲ್ಲ. ನನಗೆ ಬೇಕು, ಅದಕ್ಕೆ ತಗೊಳ್ಳುತ್ತೇನೆ. ನಿನಗೆ ಬೇಡವಾದರೆ ಕಣ್ಣು ಮುಚ್ಚಿಕೊ. ಆಮೇಲೆ ಕಾದರು. ಏನಕ್ಕೆ ಕಾದರು ಎಂದು ನನಗೆ ತಿಳಿಯದು, ಆದರೆ ನಾನೂ ಪಿಚಕಾರಿ ಹಿಡಿದು ಕಾದೆ. ಏನೂ ಆಗಲಿಲ್ಲ. ಬೀದಿಯಲ್ಲಿ ಯಾರೋ ಗಾಡಿ ಬದಿಗೆ ತೆಗೆಯಲು ಕೂಗುತ್ತಿದ್ದರು.

ಅತ್ತೆ ಲಿಂಗ ಕಟ್ಟಿಕೊಂಡು ಗೋಡೆಗೆ ತಿರುಗಿ ಮಲಗಿದರು. ಕುಪ್ಪಿಯ ಕತ್ತು ಮುರಿದೆ, ಔಷಧ ಎಳೆದೆ, ಗಾಳಿ ತೆಗೆದೆ. ಒಂದೇ ಸಲಕ್ಕೆ ಹೋಯಿತು. "ಆತೇನು?" ಅಂದರು. ಆತರಿ. "ರೊಟ್ಟಿ ಬಡಿಯೋದಕ್ಕಿಂತ ಇದು ಚಲೋ ಮಾಡತಿ." ನಾನು ಅಡುಗೆಮನೆಗೆ ಹೋಗಿ ಒಬ್ಬಳೇ ನಕ್ಕೆ, ನಗು ನಿಲ್ಲಲೇ ಇಲ್ಲ.

ವಾರ ಕಳೆಯುವುದರೊಳಗೆ ಹಸಿವು ಬಂತು. ಬಂತು ಅನ್ನುವುದು ಸಣ್ಣ ಮಾತು. ಹೊತ್ತಲ್ಲದ ಹೊತ್ತಿನಲ್ಲಿ ರೊಟ್ಟಿ ಕೇಳಿ, ರಂಜಕದ ಭರಣಿಗೆ ತಾವೇ ಕೈ ಹಾಕಿದರು. ಕಣ್ಣಲ್ಲಿ ನೀರು ಬಂದರೂ ಬಿಡಲಿಲ್ಲ. ಡಾಕ್ಟರು ಮತ್ತೆ ರಕ್ತ ನೋಡಿ, ಹೊಸ ಬಿಲ್ಲೆಗಳು, ಬಾ ನೋಡು ಎಂದು ಕೂಗಿದ ಕೂಗಿಗೆ ಹೊರಗೆ ಬಾಕಿನ ಮೇಲಿದ್ದವರು ಎದ್ದು ನಿಂತರು. ಅತ್ತೆ ತಮ್ಮ ರಕ್ತ ತಾವೂ ನೋಡಿದರು. ಇಷ್ಟೇನಾ, ಅಂದರು.

ಆ ಮೇಲಿನ ಒಂದು ಸೋಮವಾರ ಅಯ್ಯನವರು ಊಟಕ್ಕೆ ಬಂದರು. ವಯಸ್ಸಾದವರು, ಕಾವಿ ಬಟ್ಟೆ, ಹಿಂದಿನಿಂದ ಗಾಳಿ ಬೀಸಿದರೆ ಬಿದ್ದಾರು ಎಂಬಂಥ ಮೈ. ಪಾದ ತೊಳೆಯಲು ತಂಬಿಗೆಯಲ್ಲಿ ನೀರು ಹಿಡಿದು ನಮ್ಮ ಮನೆಯವರು ಬಾಗಿಲಲ್ಲಿ ನಿಂತಿದ್ದರು. ಯಾರೂ ಏನೂ ಹೇಳಬಾರದು ಎಂದು ಬೆಳಗಿನಿಂದ ನಮಗೆ ಕಣ್ಣಲ್ಲೇ ಹೇಳುತ್ತಿದ್ದರು. ಹೇಳಿದರೆ ಊಟ ಹೋಗುತ್ತದೆ, ಊಟ ಹೋದರೆ ಪೇಟೆಯಲ್ಲಿನ ನಮ್ಮ ಮಂದಿಯೆಲ್ಲ ಹೋಗುತ್ತದೆ. ಆಮೇಲೆ ಮದುವೆಗೆ ಕರೆಯುವವರು ಯಾರು, ಸತ್ತರೆ ಬರುವವರು ಯಾರು?

ಅತ್ತೆ ಮಗನನ್ನು ಬದಿಗೆ ಸರಿಸಿ ಹೊಸ್ತಿಲ ಮೇಲೆ ನಿಂತರು. ಏದುಸಿರಿಲ್ಲದೆ ನಿಂತರು, ನನಗೆ ಮೊದಲು ಕಂಡದ್ದು ಅದು.

"ಅಯ್ಯನೋರ, ವಾರಕ್ಕೊಮ್ಮೆ ನನ್ನ ಮೈಯಾಗ ಆಡಿನ ಕಾಳಜದ ಔಷಧ ಹೋಗತದರಿ. ಲಿಂಗಕ್ಕ ತೋರಿಸೇ ಹಾಕಿಸ್ಕೊಂತೀನಿ. ಕೇಳಾಕ ನಿಂತಿಲ್ಲ, ಹೇಳಾಕ ನಿಂತೀನಿ. ಉಣ್ಣೋದು ಬಿಡೋದು ನಿಮಗ ಬಿಟ್ಟದ್ದು."

ಅಯ್ಯನವರು ಒಂದು ಕಾಲಿನ ಪಾದುಕೆ ಬಿಟ್ಟಿದ್ದರು, ಇನ್ನೊಂದರಲ್ಲಿ ಕಾಲು ಇತ್ತು. ಹಾಗೇ ನಿಂತುಬಿಟ್ಟರು.

"ಹೇಳದಿದ್ದರ ನಾ ಉಂಡು ಹೋಗತಿದ್ದೆ," ಅಂದರು.

"ಹೌದರಿ."

"ಹೇಳಿ ನನಗ ತ್ರಾಸ ಮಾಡಿದಿ ನೋಡವಾ."

"ನನಗೂ ಹಂಗ ಆಗಿತ್ತು ಬಿಡ್ರಿ," ಎಂದು ಅತ್ತೆ ತಲೆಯನ್ನು ನನ್ನ ಕಡೆಗೆ ಒಂದಿಷ್ಟು ವಾಲಿಸಿದರು.

ಮುದುಕರು ಹೊರಗಿನ ಕಟ್ಟೆಯ ಮೇಲೆ ಕೂತರು. ಕೊನೆಗೆ ಅವರು ಉಂಡರೋ ಇಲ್ಲವೋ ಎಂಬುದರ ಮೇಲೆ ನಮ್ಮ ಮನೆಯಲ್ಲಿ ಇವತ್ತಿಗೂ ಜಗಳ ಇದೆ. ಹಾಲು ಬಾಳೆಹಣ್ಣು ಅಷ್ಟೇ ತಗೊಂಡು ಹೋದರು ಎಂದು ಗಂಡ ಹೇಳುತ್ತಾರೆ. ಹೋಳಿಗೆಯ ಮೇಲೆ ತುಪ್ಪ ಬಡಿಸಿದ್ದು ನನ್ನ ಕೈಗೆ ನೆನಪಿದೆ, ಆದರೆ ಅದು ಮುಂದಿನ ತಿಂಗಳದ್ದೂ ಆಗಿರಬಹುದು, ಯಾಕೆಂದರೆ ಮುಂದಿನ ತಿಂಗಳೂ ಅವರು ಬಂದರು. ಕೆಲವರು ನಮ್ಮ ಮನೆಯ ನೀರು ಬಿಟ್ಟರು, ಅದು ಮಾತ್ರ ಇಬ್ಬರಿಗೂ ಒಂದೇ ನೆನಪು.

ಅಯ್ಯನವರು ಇನ್ನೂ ಕಟ್ಟೆಯ ಮೇಲೆ ಒಂದೇ ಪಾದುಕೆ ಮೆಟ್ಟಿಕೊಂಡು ಕೂತಿದ್ದಾಗ, ಗಂಡ ತಂಬಿಗೆ ಹಿಡಿದು ನಿಂತೇ ಇದ್ದಾಗ, ಅತ್ತೆ ಒಳಗೆ ಬಂದರು. ನಾನು ಒಲೆಯ ಮುಂದೆ ಕದಲದೆ ಕೂತಿದ್ದೆ. ಅವರು ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದರು:

"ಅವರು ವಿಚಾರ ಮಾಡ್ಲಿ, ಹೊತ್ತು ಹಿಡೀತದ. ಸೋಮವಾರ ಅಲ್ಲೇನು ಇವತ್ತ? ನೀ ಸೂಜಿ ಕುದಿಯಾಕ ಇಡು."